ಮೂರನೆಯ ಚೀಟಿ

ಅವನು ಬಾಯಿ ತೆರೆದದ್ದೇ ತಪ್ಪಾಯಿತು.

ಕೈಯಲ್ಲಿ ಒರೆಯಿಲ್ಲದ ಕತ್ತಿ. ಐನೂರು ವರ್ಷದ ಉಕ್ಕು. ಅದನ್ನು ದೀಪಕ್ಕೆ ಎತ್ತಿ ಹಿಡಿದಿದ್ದ ಆ ಹೊಸಬ ಪಕ್ಕದವರಿಗೆ ಏನೋ ಹೇಳಲು ತುಟಿ ಬಿಚ್ಚಿದ. ಅಷ್ಟರಲ್ಲಿ ಮಡಚಿದ ಬಿಳಿ ಕಾಗದವೊಂದು ಅವನ ಬಾಯಿಗೂ ಕತ್ತಿಗೂ ನಡುವೆ ಬಂದು ನಿಂತಿತು.

ಕಾಗದ ಹಿಡಿದ ಕೈ ನಡುಗುತ್ತಿತ್ತು.

"ಉಗುಳು ಸಿಡಿಯುತ್ತೆ," ಎಂದಳು ಚಿಗುಸಾ, ಕೇಳಿಯೂ ಕೇಳದಂಥ ದನಿಯಲ್ಲಿ. "ತುಕ್ಕು ಹಿಡಿಯುತ್ತೆ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಜಪಾನಿನ ಕತ್ತಿಕಮ್ಮಾರರ ಊರಾದ ಒಸಾಫುನೆಯ ಈ ಸಭಾಭವನದಲ್ಲಿ ಇಷ್ಟು ವರ್ಷ ಚಹಾ ಕೊಟ್ಟಿದ್ದಳು, ಕತ್ತಿಗಳಿಗೆ ಎಣ್ಣೆ ಹಚ್ಚಿದ್ದಳು... ಯಾರ ಬಾಯಿಯನ್ನೂ ಮುಚ್ಚಿಸಿರಲಿಲ್ಲ.

ಅವನ ಎರಡೂ ಕೈಗಳು ಕತ್ತಿಯ ಮೇಲಿದ್ದವು. ಹಾಗಾಗಿ ಅವಳ ಬೆರಳುಗಳಿಂದಲೇ ಆ ಕಾಗದವನ್ನು ತುಟಿಗಳ ನಡುವೆ ಕಚ್ಚಿಕೊಂಡ, ಹಿಂದಿನ ಕಾಲದವರು ಮಾಡುತ್ತಿದ್ದ ಹಾಗೆ. ಕತ್ತಿಗೆ ತಲೆ ಬಾಗಿಸಿದ. ಆಮೇಲೆ ಅವಳಿಗೂ.

"ನಮ್ಮ ಚಿಗುಸಾಗೆ ಮಾತು ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು," ಎಂದರು ತೋಫು ಅಂಗಡಿಯ ಸುಗಿತಾನಿ. ಎಲ್ಲರೂ ನಕ್ಕರು. ಅವಳು ಅಡುಗೆಕೋಣೆಗೆ ಓಡಿದಳು. ಕುದಿಯದ ನೀರನ್ನೇ ಚಹಾಪುಡಿಗೆ ಸುರಿದಳು.

ಅವನ ಹೆಸರು ಕೇಗೋ ಮಿಜೋಬೆ. ಒಕಾಯಾಮಾ ಪೇಟೆಯಲ್ಲಿ ಕನ್ನಡಕದ ಗಾಜು ಉಜ್ಜುವ ಕೆಲಸ. ಅವನ ಬಳಿ ಇದ್ದದ್ದು ಒಂದೇ ಒಂದು ಗಿಡ್ಡ ಕತ್ತಿ, ಅದಕ್ಕೂ ಹೆಸರಿಲ್ಲ. ಆದರೂ ಫೆಬ್ರವರಿಯ ಆ ದಿನದಿಂದ, ಕತ್ತಿಪ್ರಿಯರ ಸಭೆ ಸೇರುವ ತಿಂಗಳ ಮೊದಲ ಭಾನುವಾರ ಅವನು ತಪ್ಪಿಸುತ್ತಿರಲಿಲ್ಲ. ಮೂರನೆಯ ತಿಂಗಳು ಅವಳ ಕೈಗೆ ಒಂದು ಮೆತ್ತನೆಯ ಬಟ್ಟೆ ಕೊಟ್ಟ.

"ಗಾಜಿಗೆ ಗೀರು ಬೀಳಿಸಲ್ಲ. ಉಕ್ಕಿಗೂ ಆಗುತ್ತೆ."

ಅಷ್ಟೇ ಮಾತು. ಆದರೆ ಅಂದಿನಿಂದ ಚಿಗುಸಾಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಜ್ಜನ ಕ್ಷೌರದಂಗಡಿಯಲ್ಲಿ ಬಿಸಿ ಟವೆಲನ್ನು ಹಿಂಡಲು ಮರೆತು ಗಿರಾಕಿಯ ಮುಖದ ಮೇಲೆ ಹಾಕಿಬಿಡುತ್ತಿದ್ದಳು.

"ಮುಖ ತೊಳಿ ಅಂದೆ, ಬೇಯಿಸು ಅನ್ನಲಿಲ್ಲ," ಎನ್ನುತ್ತಿದ್ದರು ಅಜ್ಜ ಕುಮಾಹಾಚಿ.

ಜೂನ್ ತಿಂಗಳ ಸಭೆಗೆ ತೀರ್ಪುಗಾರರ ಸರದಿ ಅಜ್ಜನದೇ. ಐದು ಕತ್ತಿಗಳು. ಕಮ್ಮಾರನ ಹೆಸರು ಕೊರೆದಿರುವ, ಹಿಡಿಯೊಳಗೆ ಸೇರುವ ಉಕ್ಕಿನ ಭಾಗಕ್ಕೆಲ್ಲ ಬಟ್ಟೆಯ ಚೀಲ. ಬರಿಯ ಉಕ್ಕನ್ನು ನೋಡಿ, ಮಾಡಿದವನು ಯಾರೆಂದು ಚೀಟಿಯಲ್ಲಿ ಬರೆಯಬೇಕು. ಸರಿಯಾದರೆ ತೀರ್ಪುಗಾರರು "ತಾಗಿತು" ಎನ್ನುತ್ತಾರೆ, ತಪ್ಪಾದರೆ "ಇಲ್ಲ". ಮೂರು ಸಲ ಅವಕಾಶ.

ಐದನೆಯದು ಅಜ್ಜನ ಸ್ವಂತ ಕತ್ತಿ. ಹೊಸಬನಾದ ಕೇಗೋಗೆ ಮಾತ್ರ ಅದು ಗೊತ್ತಿರಲಿಲ್ಲ.

"ಮುಂದಿನ ವಾರ ಇದನ್ನ ಪರೀಕ್ಷೆಗೆ ಟೋಕಿಯೋಗೆ ಕಳಿಸ್ತೀನಿ," ಎಂದಿದ್ದರು ಅಜ್ಜ ಬೆಳಿಗ್ಗೆ. "ಈ ಊರಿನ ಮೊರಿತ್ಸುನೆ ಮಾಡಿದ್ದು ಅಂತ ಪ್ರಮಾಣಪತ್ರ ಬರಲಿ. ನಿನ್ನ ಅಜ್ಜಿ ಫೋಟೋ ಪಕ್ಕದಲ್ಲೇ ತೂಗುಹಾಕ್ತೀನಿ."

ನಲವತ್ತು ವರ್ಷ ಕ್ಷೌರದ ಕುರ್ಚಿಯಲ್ಲಿ ಕುಳಿತವರಿಗೆಲ್ಲ ಅವರು ಆ ಹೆಸರು ಹೇಳಿದ್ದರು.

ಚಿಗುಸಾ ಕತ್ತಿಯನ್ನು ಅವಸರದಲ್ಲಿ ಸುತ್ತಿ ಕಟ್ಟಿದ್ದಳು. ಹದಿನೈದಕ್ಕೆ ಶಾಲೆ ಬಿಟ್ಟವಳು, ಹದಿನಾರರಿಂದ ಆ ಕತ್ತಿಗೆ ಎಣ್ಣೆ ಹಚ್ಚಿದವಳು ಅವಳೇ. ಹಿಡಿಯೊಳಗಿನ ಉಕ್ಕಿನ ತುಕ್ಕೆಲ್ಲ ಕಾಡಿಗೆಯಷ್ಟು ಕಪ್ಪು. ಆದರೆ ಕೊರೆದ ಅಕ್ಷರಗಳ ಒಳಗಿನ ತುಕ್ಕು ಮಾತ್ರ ಕೆಂಪು. ಎಳೆಯದು. ಕತ್ತಿ ಹಳೆಯದೇ, ಹೆಸರನ್ನು ಯಾರೋ ಆಮೇಲೆ ಕೊರೆದಿದ್ದಾರೆ. ಟೋಕಿಯೋದವರಿಗೆ ಒಂದೇ ನೋಟ ಸಾಕು.

ಎಂಟು ವರ್ಷದಿಂದ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಮೊದಲ ಸುತ್ತಿನಲ್ಲಿ ಅಜ್ಜ ಕೇಗೋನ ಚೀಟಿ ಬಿಡಿಸಿದರು. ಐದನೆಯ ಕತ್ತಿಗೆ ಅವನು ಬರೆದದ್ದು: ಮಿನೋ ಸೀಮೆ, ಕಾನೆಸಾದಾ.

"ಇಲ್ಲ," ಎಂದು ನಕ್ಕರು ಅಜ್ಜ. "ಊರಲ್ಲೇ ಇರೋದನ್ನ ಬಿಟ್ಟು ಬೆಟ್ಟ ದಾಟಿ ಹೋಗಿದ್ದೀಯಲ್ಲಪ್ಪಾ. ವಾಪಸ್ ಬಾ."

ಅವಳು ಚಹಾದ ತಟ್ಟೆಯನ್ನು ಬಿಗಿಯಾಗಿ ಹಿಡಿದಳು. ಉಕ್ಕಿನ ಅಂಚಿನುದ್ದಕ್ಕೂ ಓಡುವ, ಮೊನಚು ಮೊನಚಾದ ಆ ಅಲೆಗೆರೆ ಮಿನೋ ಕಮ್ಮಾರರದ್ದೇ. ಅವನು ಕಂಡಿದ್ದಾನೆ... ನನ್ನ ಹಾಗೆಯೇ.

ಎರಡನೆಯ ಸುತ್ತು. ಅಜ್ಜ ಚೀಟಿ ಬಿಡಿಸಿದರು. ನಗು ನಿಂತಿತು.

ಮಿನೋ ಸೀಮೆ, ಕಾನೆಸಾದಾ.

ಸುಗಿತಾನಿ ಹಲ್ಲಿನ ಸಂದಿಯಿಂದ ಉಸಿರೆಳೆದರು. "ಇಲ್ಲ" ಎಂದ ಮೇಲೆ ಮತ್ತೆ ಅದೇ ಹೆಸರನ್ನು ಯಾರೂ ಬರೆಯುವುದಿಲ್ಲ. ಬರೆದರೆ ಅದಕ್ಕೆ ಅರ್ಥ ಒಂದೇ: ನಿಮ್ಮ ಕತ್ತಿಯ ಮೇಲಿನ ಹೆಸರೇ ಸುಳ್ಳು.

"ಮಿಜೋಬೆ ಅವರೇ," ಎಂದರು ಅಜ್ಜ. ಇಷ್ಟು ಹೊತ್ತು 'ಅಪ್ಪಾ' ಎನ್ನುತ್ತಿದ್ದವರು. "ನನಗೆ ವಯಸ್ಸಾಗಿದೆ. ಕಣ್ಣು ಹೋಗಿಲ್ಲ. ಇಲ್ಲ ಅಂದೆ."

ಚಿಗುಸಾ ಮೊಗಸಾಲೆಯಲ್ಲಿ ಅವನನ್ನು ಹಿಡಿದಳು.

"ಆ ಹೆಸರನ್ನ ಮತ್ತೆ ಬರೀಬೇಡಿ."

"ಕತ್ತಿ ಹಾಗೇ ಹೇಳ್ತಾ ಇದೆಯಲ್ಲ."

"ಅದು ಅಜ್ಜನದು. ಎಲ್ಲರ ಮುಂದೆ ದೊಡ್ಡವರ ಮಾನ ತೆಗೆಯೋದಕ್ಕೆ ಬಂದಿದ್ದೀರಾ?"

ಅವನ ಮುಖ ಬಿಳಿಚಿತು.

"ಅವರದ್ದು ಅಂತ ಗೊತ್ತಿರಲಿಲ್ಲ." ಕೈಯಲ್ಲಿದ್ದ ಪೆನ್ಸಿಲನ್ನು ಜೇಬಿಗಿಟ್ಟ. "ಆದರೆ ಅದನ್ನ ಮೇಜಿನ ಮೇಲೆ ಇಡೋವಾಗ ನಿಮ್ಮ ಕೈ ಹಿಂಜರಿದದ್ದನ್ನ ನೋಡಿದೆ. ನಿಮಗೂ ಗೊತ್ತು. ಈ ಕೋಣೆಯಲ್ಲಿ ನೀವೊಬ್ಬರಾದರೂ ಕಂಡದ್ದನ್ನ ಕಂಡ ಹಾಗೆ ಹೇಳ್ತೀರಿ ಅಂದುಕೊಂಡಿದ್ದೆ."

ಅವಳು ಒಳಗೆ ಚೀಟಿ ಹಾಕುವ ಪೆಟ್ಟಿಗೆಯ ಕಡೆ ನೋಡಿದಳು.

"ಚಿಂತೆ ಬೇಡ. ಮೂರನೇ ಚೀಟಿ ಖಾಲಿ ಕೊಡ್ತೀನಿ. ಇನ್ನು ಬರೋದೂ ಇಲ್ಲ."

ಒಳಗೆ ಹೋಗಿ ಬರಿಯ ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಕತ್ತಿಗಳಿಗೆ ಬಾಗಿ, ಹೊರಟುಬಿಟ್ಟ. ಕಿಟಕಿಯಿಂದ ನೋಡಿದಳು. ರೈಲು ನಿಲ್ದಾಣದ ಕಡೆಗೆ ಬೇಗ ಬೇಗ ನಡೆಯುವ ಬೆನ್ನು. ಒಮ್ಮೆಯೂ ತಿರುಗಲಿಲ್ಲ.

ಓಡಲೇ? ಕೂಗಲೇ? ಕೂಗಿ ಏನು ಹೇಳಲಿ? ಅವನು ಹೇಳಿದ್ದು ನಿಜ ತಾನೇ?

ಮೇಜಿನ ಮೇಲೆ ಉಳಿದ ಚೀಟಿಗಳಿದ್ದವು. ಚಿಗುಸಾ ಒಂದನ್ನು ಎತ್ತಿಕೊಂಡಳು. ಇಂದಿನವರೆಗೆ ಅವಳು ಒಂದನ್ನೂ ಬರೆದಿರಲಿಲ್ಲ.

ಅಜ್ಜ ಚೀಟಿಗಳನ್ನು ಒಂದೊಂದಾಗಿ ಓದಿದರು. ಖಾಲಿ ಚೀಟಿ ಬಂದಾಗ, "ದಾರಿಗೆ ಬಂದ," ಎಂದರು. ಕೊನೆಗೆ ಲೆಕ್ಕಕ್ಕಿಲ್ಲದ ಒಂದು ಚೀಟಿ ಉಳಿಯಿತು.

ಕ್ಷೌರದಂಗಡಿಯ ಬೋರ್ಡಿನಲ್ಲಿ ಚಿಗುಸಾ ದಿನವೂ ಬರೆಯುವ, ಎಡಕ್ಕೆ ವಾಲಿದ ಅಕ್ಷರ: ಮಿನೋ, ಕಾನೆಸಾದಾ.

ಅಜ್ಜ ತಲೆಯೆತ್ತಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಮೊದಲ ಸಲ.

ಅವರು ಎದ್ದು ತಮ್ಮ ಕತ್ತಿಯ ಚೀಲ ಕಳಚಿ ಕಿಟಕಿಯ ಬಿಸಿಲಿಗೆ ಹಿಡಿದರು. ಅಕ್ಷರಗಳ ಒಳಗಿನ ಕೆಂಪನ್ನು ಬೆರಳಿನಿಂದ ಮುಟ್ಟಿದರು.

"ಎಷ್ಟು ವರ್ಷದಿಂದ ಗೊತ್ತು?"

"ಎಂಟು."

"ಬಾಯಿ ಬಿಡಲಿಲ್ಲ."

"ನೊರೆ ಹಚ್ಚುತ್ತಾ ಆ ಹೆಸರು ಹೇಳೋವಾಗ ನಿಮ್ಮ ಮುಖ... ನನಗೆ ಆಗಲಿಲ್ಲ ಅಜ್ಜ."

"ಸುಳ್ಳು ಕತ್ತಿಗೆ ಎಂಟು ವರ್ಷ ಎಣ್ಣೆ ಹಚ್ಚಿದೆಯಲ್ಲ."

"ಸುಳ್ಳು ಕೊರೆದವನು ಯಾರೋ. ಕತ್ತಿ ಏನು ಮಾಡಿತು ಪಾಪ?"

ಅಜ್ಜ ಕತ್ತಿಯನ್ನು ಸುತ್ತಿಕೊಂಡು ಮನೆಗೆ ನಡೆದರು.

ಟೋಕಿಯೋಗೆ ಕತ್ತಿ ಹೋಗಲಿಲ್ಲ. ಕುರ್ಚಿಯಲ್ಲಿ ಕುಳಿತವರಿಗೆ ಅಜ್ಜ ಈಗ ಹವಾಮಾನದ ಮಾತಷ್ಟೇ ಆಡುತ್ತಿದ್ದರು. ಜುಲೈ ತಿಂಗಳ ಭಾನುವಾರ ಬಂತು. ಕೇಗೋ ಬರಲಿಲ್ಲ. ಬಾಗಿಲು ಸರಿದಾಗಲೆಲ್ಲ ಚಿಗುಸಾ ಎದ್ದು ನಿಂತಳು. ಒಮ್ಮೆ ಪೋಸ್ಟಿನವನು, ಒಮ್ಮೆ ಗಾಳಿ.

ಮರುದಿನ ಅಂಗಡಿಗೆ ವಾರದ ರಜೆ. ಬೆಳಿಗ್ಗೆ ಊಟದ ಮಣೆಯ ಮೇಲೆ ಅಜ್ಜ ಅವಳ ಚೀಟಿಯನ್ನು ಇಟ್ಟರು. ಅವರು ಅದನ್ನು ಎಸೆದಿರಲಿಲ್ಲ.

"ಆ ಹೆಸರನ್ನ ಅರ ಹಾಕಿ ತೆಗೆಸ್ತೀನಿ," ಎಂದರು, ಸಾರು ಕುಡಿಯುತ್ತಾ. "ಹೆಸರಿಲ್ಲದ ಕತ್ತಿ ಅಂತಲೇ ಟೋಕಿಯೋಗೆ ಹೋಗಲಿ. ಕಮ್ಮಾರ ಅರ ಹಾಕೋವಾಗ ಪಕ್ಕದಲ್ಲಿ ನಿಲ್ಲೋಕೆ ಕಣ್ಣಿರೋರು ಬೇಕು. ಆ ಕನ್ನಡಕದವನನ್ನ ಕರ್ಕೊಂಡು ಬಾ."

"ನಾನಾ?"

"ಮತ್ತೆ ಸುಗಿತಾನಿ ಹೋದರೆ ಆ ಹುಡುಗ ಬರ್ತಾನಾ?"

ಒಕಾಯಾಮಾದ ಆ ಕನ್ನಡಕದಂಗಡಿಯ ಮುಂದೆ ಅವಳು ಮೂರು ಸಲ ಹಾದುಹೋದಳು. ನಾಲ್ಕನೆಯ ಸಲ ಬಾಗಿಲು ತಾನಾಗಿ ತೆರೆದುಕೊಂಡಿತು. ಗಾಜು ಉಜ್ಜುತ್ತಿದ್ದ ಕೇಗೋ ತಲೆಯೆತ್ತಿದ. ಯಂತ್ರ ನಿಂತಿತು.

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. ಅವನು ಓದಿದ. ಮತ್ತೆ ಓದಿದ.

"ಇದು ಯಾವಾಗ?"

"ಅವತ್ತೇ. ನೀವು ಹೊರಟ ಮೇಲೆ. ಎಲ್ಲರ ಮುಂದೆ." ಅವಳು ಉಸಿರೆಳೆದುಕೊಂಡಳು. "ಅಕ್ಷರ ವಾಲಿದೆ. ಶಾಲೆ ಬಿಟ್ಟವಳು ನಾನು."

"ನೆಟ್ಟಗೆ ಕೊರೆದ ಹೆಸರೇ ಸುಳ್ಳಾಗಿತ್ತಲ್ಲ," ಎಂದ ಅವನು. ದನಿ ಒಡೆದಿತ್ತು. "ನಿಮ್ಮನ್ನ ಹಾಗೆ ನೋಯಿಸಿದ್ದು ನನ್ನ ತಪ್ಪು. ನಾನು ಅವತ್ತಿಂದ..."

ಮಡಚಿದ ಬಿಳಿ ಕಾಗದ ಅವನ ಬಾಯಿಯ ಮುಂದೆ ಬಂದು ನಿಂತಿತು. ಈ ಸಲ ಕೈ ನಡುಗಲಿಲ್ಲ.

"ಮೊದಲು ನಾನು," ಎಂದಳು. "ನಾನೂ ಒಂದೇ ಹೆಸರನ್ನ ಮತ್ತೆ ಮತ್ತೆ ಬರೀತಾ ಇದ್ದೀನಿ, ಫೆಬ್ರವರಿಯಿಂದ. ಯಾರಿಗೂ ತೋರಿಸಿಲ್ಲ."

ಅವನು ಕಾಗದವನ್ನೂ ಅದನ್ನು ಹಿಡಿದ ಬೆರಳುಗಳನ್ನೂ ಮೆಲ್ಲಗೆ ಕೆಳಗಿಳಿಸಿದ. ಬಿಡಲಿಲ್ಲ.

"ಯಾವ ಹೆಸರು?"

ಇಷ್ಟು ದಿನ ಅವಳಿಗೆ ಅವನು ಮಿಜೋಬೆ ಅವರು. ಮನೆತನದ ಹೆಸರು, ಎಲ್ಲರೂ ಕರೆಯುವ ಹೆಸರು.

"ಕೇಗೋ," ಎಂದಳು ಚಿಗುಸಾ.

ಅವನು ತೀರ್ಪುಗಾರರಂತೆ ಒಂದು ಕ್ಷಣ ಗಂಭೀರವಾಗಿ ನಿಂತ. ಆಮೇಲೆ ಕಣ್ಣು ತುಂಬಿ ನಕ್ಕ.

"ತಾಗಿತು."