ಭಾನುವಾರ ಆರಿಸಿದ ಸ್ವಿಚ್ಚು

"ಏನೂ ಇಲ್ಲವಂತೆ! ನೆಟ್‌ನಲ್ಲಿ ಒಂದೇ ಒಂದು ಹಾಳೆಯೂ ಇಲ್ಲವಂತೆ!" ಲೋಸೆ ಅತ್ತೆ ಫೋನನ್ನು ಮೇಜಿನ ಮೇಲೆ ಕುಕ್ಕಿದರು. "ಗುರುವಾರ ಹಡಗು ಹೊರಡುತ್ತೆ. ವೆನಿಲಾ ಕೊಳ್ಳೋ ಆಕ್ಲೆಂಡಿನವರು ತೋಟದ ಕಾಗದ ತೋರ್ಸಿ, ಇಲ್ಲದಿದ್ರೆ ಸರಕು ಮುಟ್ಟಲ್ಲ ಅಂತಿದ್ದಾರೆ. ಏನು ತೋರ್ಸಲಿ? ನನ್ನ ಮುಖಾನಾ?"

ಆ ಮುಖ ನೋಡುವ ಧೈರ್ಯ ಆ ಹೊತ್ತಿಗೆ ನೆಯಾಫು ಊರಿನಲ್ಲೇ ಯಾರಿಗೂ ಇರಲಿಲ್ಲ. ಲೋಸೆ ಅತ್ತೆ ವೆನಿಲಾ ಸಂಘದ ಯಜಮಾನಿ. ಅದಕ್ಕಿಂತ ಹೆಚ್ಚಾಗಿ, ಸಂಘದ ಕಾಗದಪತ್ರ ನೋಡಿಕೊಳ್ಳುವ ಫುಸಿಯ ತಂದೆಯ ಅಕ್ಕ. ಟೋಂಗಾದಲ್ಲಿ ಸೋದರತ್ತೆ ಒಂದು ಮಾತು ಹೇಳಿದರೆ ಹೆತ್ತ ತಂದೆಯೂ ತಲೆ ತಗ್ಗಿಸಿ ಹೂಂ ಅನ್ನಬೇಕು.

ಅವರ ಕಾಲಬಳಿ, ನೆಲದ ಮೇಲೆ, ಇನೋಕೆ ಕೂತಿದ್ದ. ಬೆಳಗಿನ ವಿಮಾನದಲ್ಲಿ ರಾಜಧಾನಿ ನುಕುಅಲೋಫಾದಿಂದ ಬಂದವನು. ಕ್ಷಮೆ ಕೇಳುವವರು ಕಟ್ಟಿಕೊಳ್ಳುವಂತೆ ಸೊಂಟಕ್ಕೆ ಹರಿದ ಹಳೇ ಚಾಪೆ ಸುತ್ತಿಕೊಂಡಿದ್ದ. ಕತ್ತು ಎತ್ತಿರಲಿಲ್ಲ.

ಕಪಾಟಿಗೆ ಒರಗಿ ನಿಂತ ಫುಸಿಗೆ ಕಾಣುತ್ತಿದ್ದುದು ಆ ಕತ್ತಿನ ಹಿಂಭಾಗ ಮಾತ್ರ. ಬಿಸಿಲಿಗೆ ಕಂದಿದ ಚರ್ಮ, ಅಲ್ಲೊಂದು ಸಣ್ಣ ಮಚ್ಚೆ. ಆ ಮಚ್ಚೆ ತನಗೆ ಇನ್ನೂ ನೆನಪಿದೆಯಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ತಪ್ಪಾಯ್ತು," ಎಂದ ಇನೋಕೆ.

"ತಪ್ಪಾಯ್ತು ಅಂದ್ರೆ ಕಾಗದ ಹುಟ್ಟುತ್ತಾ? ಎದ್ದೇಳು. ಹೋಗಿ ಆ ಯಂತ್ರದ ಹೊಟ್ಟೆಯಲ್ಲಿ ಏನುಳಿದಿದೆ ನೋಡು. ಫುಸಿ, ನೀನೂ ಹೋಗು."

"ನಾನ್ಯಾಕತ್ತೆ?"

"ಕಾಗದ ಅದರ ಬಾಯಿಗೆ ತುರುಕಿದವಳು ನೀನೇ ತಾನೇ!"

ಅದು ನಿಜವೇ. ಕಳೆದ ವರ್ಷ ಗೆದ್ದಲು ಅರ್ಧ ಕಪಾಟು ತಿಂದಾಗ ಅತ್ತೆಯೇ ಇನೋಕೆಯನ್ನು ಕರೆಸಿದ್ದರು. ಅವನು ಸ್ಕ್ಯಾನರ್ ತಂದು ಕೂರಿಸಿದ. ಹಾಳೆ ಇಟ್ಟರೆ ಸಾಕು, ಚಿತ್ರ ಹಿಡಿದು ಇಂಟರ್ನೆಟ್‌ನಲ್ಲಿ ತಾನೇ ಕಳಿಸುತ್ತದೆ, ಇನ್ನು ಕಾಗದದ ಗೊಡವೆಯೇ ಬೇಡ ಎಂದ. ಯಾವ ತೋಟ, ಯಾರ ಬಳ್ಳಿ, ಯಾವ ಗೊಬ್ಬರ, ಎಲ್ಲಕ್ಕೂ ಬೆಳೆಗಾರರು ಸಹಿ ಹಾಕಿ ಕೊಟ್ಟ ಹಾಳೆಗಳನ್ನು ಫುಸಿ ಒಂದೊಂದಾಗಿ ಇಟ್ಟಳು. ಆಮೇಲೆ ಆ ಹಾಳೆಗಳು ಊರವರ ನೆಲದೊಲೆಗೆ ಹೋದವು. ಆ ಕಾಗದದ ಬೆಂಕಿಯಲ್ಲಿ ಬೆಂದ, ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿದ ಲೂ ತಿನ್ನದ ಮನೆ ನೆಯಾಫುವಿನಲ್ಲಿ ಇರಲಿಲ್ಲ.

ಇನೋಕೆ ಇನ್ನೊಂದನ್ನೂ ಹಾಕಿ ಹೋಗಿದ್ದ. ವೆನಿಲಾ ಹದ ಮಾಡುವ ಗೋದಾಮಿನ ಗೋಡೆಗೆ ಅಂಗೈಯಷ್ಟಗಲದ ಪೆಟ್ಟಿಗೆ. ಒಳಗೆ ಸೆಕೆ ಏರಿದರೆ ಅವನ ಫೋನು ಕೂಗುತ್ತಿತ್ತು. ಅವನು ರಾಜಧಾನಿಗೆ ಮರಳಿದ ವಾರವೇ ಫುಸಿ ಆ ಪೆಟ್ಟಿಗೆಗೆ ಎರಡೂ ಅಂಗೈ ಮುಚ್ಚಿ ಮೆಲ್ಲಗೆ ಉಸಿರೂದಿದ್ದಳು. ತಕ್ಷಣ ಫೋನು.

"ಗೋದಾಮಿನಲ್ಲಿ ಯಾಕೋ ಬಿಸಿ ಏರಿದೆಯಲ್ಲ?"

"ಹೌದಾ? ನಿಮ್ಮ ಯಂತ್ರಕ್ಕೆ ಜ್ವರ ಬಂದಿರ್ಬೇಕು."

"ಹಾಗಾದ್ರೆ ಪಕ್ಕದಲ್ಲೇ ಕೂತು ನೋಡ್ಕೊಳ್ಳಿ. ನಾನು ಲೈನಿನಲ್ಲೇ ಇರ್ತೀನಿ."

ಲೈನಿನಲ್ಲೇ ಇದ್ದ, ಎಷ್ಟೋ ಸಂಜೆ. ಆಮೇಲೊಂದು ದಿನ ಇರಲಿಲ್ಲ. ಅವಳು ಉಸಿರೂದಿದಳು, ಫೋನು ಬರಲಿಲ್ಲ. ಮರುದಿನವೂ ಊದಿದಳು. ಮೂರನೆಯ ದಿನ ಆ ಪೆಟ್ಟಿಗೆಗೆ ಚಪ್ಪಲಿ ತೋರಿಸಿ ಬಂದಳು.

ಈಗ ಅವನು ಸ್ಕ್ಯಾನರ್ ಮುಂದೆ ಮಂಡಿಯೂರಿ ಗುಂಡಿ ಒತ್ತುತ್ತಿದ್ದ. ಅವಳು ಕೈ ಕಟ್ಟಿ ನಿಂತಿದ್ದಳು.

"ಸಿಕ್ಕಿತಾ, ಎಂಜಿನಿಯರ್ ಸಾಹೇಬ್ರೇ?"

"ಕೊನೇ ಕೆಲವು ವಾರದ್ದಿದೆ, ಅಷ್ಟೇ. ಒಳಗೆ ಜಾಗ ತುಂಬಿದ ಹಾಗೆಲ್ಲ ಹಳೇದನ್ನ ಅಳಿಸ್ತಾ ಬಂದಿದೆ. ಒಂದು ಸಲಾನೂ ಕಳಿಸಿಲ್ಲ." ಅವನು ತಲೆ ಕೆರೆದುಕೊಂಡ. "ಪ್ರತಿ ಭಾನುವಾರ ಬೆಳಿಗ್ಗೆ ತಾನೇ ಕಳಿಸೋ ಹಾಗೆ ಮಾಡಿದ್ದೆನಲ್ಲ!"

"ಭಾನುವಾರಾನಾ?" ಫುಸಿಯ ದನಿ ಚಾವಣಿ ಮುಟ್ಟಿತು. "ನೀವು ಟೋಂಗಾದಲ್ಲೇ ಹುಟ್ಟಿದವರೋ, ಇಲ್ಲಾ ಆ ಯಂತ್ರದ ಜೊತೆ ಡಬ್ಬದಲ್ಲಿ ಬಂದ್ರೋ?"

"ಊರೆಲ್ಲ ಚರ್ಚಿನಲ್ಲಿರುತ್ತೆ, ಯಾರೂ ನೆಟ್ ಬಳಸಲ್ಲ, ಸರಾಗವಾಗಿ ಹೋಗುತ್ತೆ ಅಂತ..."

"ಶನಿವಾರ ಸಂಜೆ ಈ ಕಟ್ಟಡಕ್ಕೂ ಗೋದಾಮಿಗೂ ಇರೋ ಮೇನ್ ಸ್ವಿಚ್ ಆರಿಸೋದು ನಾನು! ಭಾನುವಾರ ದೇವರ ದಿನ, ಇಲ್ಲಿ ಒಂದು ಫ್ಯಾನೂ ತಿರುಗಬಾರದು ಅಂತ ಅತ್ತೆ ಅಪ್ಪಣೆ."

"ದುಡಿಯೋದು ಯಂತ್ರ ತಾನೇ, ಮನುಷ್ಯರಲ್ಲವಲ್ಲ!"

"ಅದನ್ನ ಒಳಗೆ ಹೋಗಿ ಅತ್ತೆಗೆ ಹೇಳಿ. ಚಾಪೆ ಇನ್ನೊಂಚೂರು ಹರಿಯುತ್ತೆ."

ಅವನು ತಟ್ಟನೆ ಎದ್ದು ನಿಂತ. ಅವನ ಕಣ್ಣಲ್ಲೂ ಈಗ ಕಿಡಿ. "ಕಳಿಸೋಕಾಗಿಲ್ಲ ಅಂತ ಸೋಮವಾರ ಸೋಮವಾರ ಇಲ್ಲಿ ಕೆಂಪು ದೀಪ ಮಿನುಗ್ತಿತ್ತಲ್ಲ, ಅದು ಕಾಣ್ಲಿಲ್ವಾ? ಒಂದು ಫೋನು ಮಾಡೋಕೇನಾಗಿತ್ತು?"

"ಯಾರಿಗೆ? ನಾನು ಸತ್ತಿದ್ದೀನೋ ಬದುಕಿದ್ದೀನೋ ಕೇಳದವರಿಗೆ?"

"ನೀವೇ ಬೇಡ ಅಂದಿದ್ರಲ್ಲ!"

"ನಾನಾ? ಯಾವಾಗ?"

ಇನೋಕೆ ಕಿಟಕಿಯ ಕಡೆ ತಿರುಗಿದ. ಹೊರಗೆ ಬಂದರಿನಲ್ಲಿ ಹಡಗಿಗೆ ಯಾರದೋ ತೆಂಗಿನಕಾಯಿ ಮೂಟೆಗಳು ಏರುತ್ತಿದ್ದವು. "ನನಗೆ ರಜಾ ಇರೋದೇ ಭಾನುವಾರ. ದಿನವಿಡೀ ಫೋನು ಕೈಯಲ್ಲಿಟ್ಕೊಂಡು ಕೂತಿರ್ತಿದ್ದೆ. ಅವತ್ತೇ ಗೋದಾಮಿನ ಆ ಪೆಟ್ಟಿಗೆ ಸತ್ತು ಬಿದ್ದಿರ್ತಿತ್ತು. ವಾರ ವಾರಾನೂ. ಬೇಕಂತಲೇ ಆರಿಸ್ತೀರ ಅಂದ್ಕೊಂಡೆ. ಆಮೇಲೆ ಯಾರೋ ಹೇಳಿದ್ರು, ಭಾನುವಾರ ಪಾದ್ರಿ ಮಗ ನಿಮ್ಮನೇಲಿ ಊಟಕ್ಕೆ ಕೂರ್ತಾನೆ ಅಂತ."

"ಕೂರ್ತಾನೆ. ಪಕ್ಕದಲ್ಲಿ ಹೆಂಡ್ತಿ ಕೂರ್ತಾಳೆ. ತೊಡೆ ಮೇಲೆ ಎರಡು ಮಕ್ಕಳು."

ಇನೋಕೆ ಕಿಟಕಿ ಬಿಟ್ಟು ಗಕ್ಕನೆ ಅವಳ ಕಡೆ ತಿರುಗಿದ.

ನಗು ಬರಬೇಕಿತ್ತು. ಫುಸಿಗೆ ಬಂದದ್ದು ಅಳು, ಅಳುವಿಗಿಂತ ಮುಂಚೆ ಸಿಟ್ಟು. "ಒಂದು ಮಾತು! ಯಾಕೆ ಆರಿಸ್ತೀಯ ಅಂತ ಒಂದೇ ಒಂದು ಮಾತು ಕೇಳಿದ್ರೆ, ಕರೆಂಟ್ ಇರಲ್ಲ ಮಾರಾಯ ಅಂತ ಹೇಳ್ತಿದ್ದೆನಲ್ಲ! ಎಲ್ಲಾ ಕಾಗದ ಉಳೀತಿತ್ತು. ಆ ಬೆಳೆಗಾರರು ಒಂದೊಂದು ವೆನಿಲಾ ಹೂವನ್ನೂ ಬೆರಳಲ್ಲಿ ಮುಟ್ಟಿ ಕಾಯಿ ಕಟ್ಟಿಸಿದ್ದಾರೆ. ನನ್ನ ನಂಬಿ ಸಹಿ ಹಾಕಿ ಕೊಟ್ಟಿದ್ದಾರೆ. ನಾಳೆ ಅವರ ಮುಂದೆ ಹೇಗೆ ನಿಂತ್ಕೊಳ್ಳಲಿ? ಅತ್ತೆ ಮುಂದೆ ಚಾಪೆ ಕಟ್ಕೊಂಡು ಕೂತ್ರೆ ಮುಗೀತು ನಿನಗೆ. ನನ್ನ ಮುಂದೆ ಏನು ಕಟ್ಕೊಂಡು ಕೂರ್ತೀಯ?"

"ಫುಸಿ..."

"ಮಾತಾಡ್ಬೇಡ!"

"ನನಗೆ ಬಿಗುಮಾನ, ಒಪ್ಕೋತೀನಿ. ಆ ಕೆಂಪು ದೀಪ ನೋಡ್ಕೊಂಡು ಸುಮ್ನೆ ಕೂತ ನಿನಗೇನಿತ್ತು?"

ಸೋಮವಾರ ಬೆಳಗಿನ ಆ ದೀಪ ಅವಳ ಕಣ್ಣ ಮುಂದೆ ಬಂತು. ಮಿನುಗಲಿ, ಅವನೇ ಬಂದು ನೋಡಲಿ ಎಂದು ಅದರ ಮೇಲೆ ಅವಳೇ ಒಂದು ಬಟ್ಟೆ ಹೊದಿಸಿದ್ದಳು.

"ಬೈದುಕೊಂಡಿದ್ದು ಮುಗೀತಾ?" ಬಾಗಿಲಲ್ಲಿ ಲೋಸೆ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸ್ವಿಚ್ಚಿನ ಮಾತು ಅವರು ಎತ್ತಲೇ ಇಲ್ಲ, ಎತ್ತುವ ಪೈಕಿಯೂ ಅಲ್ಲ. "ಆಕ್ಲೆಂಡಿನವರ ಹತ್ರ ನಾನೂ ಅಷ್ಟೇ ಬೈಸಿಕೊಂಡೆ. ಈ ಹಡಗು ನಮ್ಮ ಪಾಲಿಗೆ ಹೋಯ್ತು. ಮುಂದಿನ ಹಡಗಿನ ತನಕ ಕಾಯ್ತಾರಂತೆ. ಅಷ್ಟರಲ್ಲಿ ದ್ವೀಪ ದ್ವೀಪ ಸುತ್ತಿ, ಪ್ರತಿ ಮನೆ ಮುಂದೆ ತಪ್ಪೊಪ್ಪಿಕೊಂಡು, ಎಲ್ಲ ಮತ್ತೆ ಬರೆಸಬೇಕು. ಇಬ್ಬರೂ ದೋಣಿ ಹತ್ತಿ. ಮಧ್ಯದಲ್ಲಿ ನಾನು ಕೂತ್ಕೋತೀನಿ."

"ಬರೆಸಿದ ಕಾಗದ?" ಎಂದಳು ಫುಸಿ.

"ತಗಡಿನ ಪೆಟ್ಟಿಗೆಯಲ್ಲೂ ಇರಲಿ, ನೆಟ್‌ನಲ್ಲೂ ಇರಲಿ. ಆ ಯಂತ್ರ ಬುಧವಾರ ಕಳಿಸಲಿ. ಭಾನುವಾರ ಅದೂ ಪ್ರಾರ್ಥನೆ ಮಾಡಲಿ." ಅತ್ತೆ ಒಳಗೆ ಹೋದರು.

ಫುಸಿ ಗೋದಾಮಿನ ಬೀಗದ ಕೈ ತೆಗೆದುಕೊಂಡು ಹೊರಟಳು. ಹದಕ್ಕಿಟ್ಟ ವೆನಿಲಾ ಕಾಯಿಗಳನ್ನು ತಿರುವಿ ಹಾಕುವ ಹೊತ್ತಾಗಿತ್ತು.

"ಇನ್ನೂ ಕೋಪಾನಾ?" ಹಿಂದಿನಿಂದ ಇನೋಕೆ.

"ಇದೆ. ಬಹಳ ದಿನ ಇರುತ್ತೆ."

"ಇರಲಿ. ನಾನೂ ಇಲ್ಲೇ ಇರ್ತೀನಿ. ವಾಪಸ್ ಟಿಕೆಟ್ ತಗೊಂಡಿಲ್ಲ."

"ಯಾಕೋ?"

"ನೀನಿಲ್ಲದ ಊರಲ್ಲಿ ಇರೋಕಾಗ್ತಿಲ್ಲ ಕಣೇ."

ಅವಳು ತಿರುಗಿ ನೋಡಿದಳು. ಕೆನ್ನೆ ಇನ್ನೂ ಒದ್ದೆ, ಹುಬ್ಬು ಇನ್ನೂ ಗಂಟು. "ಇದನ್ನ ಫೋನಿನಲ್ಲಿ ಹೇಳೋಕೇನಾಗಿತ್ತು, ದಡ್ಡ ನನ್ಮಗನೇ?" ಎಂದವಳೇ ಗೋದಾಮಿಗೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡಳು.

ಇನೋಕೆ ಜಗಲಿಯಲ್ಲಿ ನಿಂತೇ ಇದ್ದ. ಬಂದರಿನಲ್ಲಿ ಹಡಗು ಒಮ್ಮೆ ಕೂಗಿತು. ಅಷ್ಟರಲ್ಲಿ ಅವನ ಜೇಬಿನಲ್ಲೂ ಕೂಗು. ತೆಗೆದು ನೋಡಿದ. ಗೋದಾಮಿನಲ್ಲಿ ಬಿಸಿ ಏರುತ್ತಿತ್ತು. ನೋಡುತ್ತಿದ್ದ ಹಾಗೆ ಇನ್ನೂ ಒಂದಿಷ್ಟು ಏರಿತು.

ಅವನು ಫೋನು ಮಾಡಲಿಲ್ಲ. ಸೊಂಟದ ಹರಿದ ಚಾಪೆ ಬಿಚ್ಚಿ ಜಗಲಿಯ ಕಂಬಿಯ ಮೇಲೆ ಹಾಕಿ, ಗೋದಾಮಿನ ಕಡೆ ನಡೆದ.