ಸೂಸಲಾ ಮುಟ್ಟದ ಹುಡುಗ

ನನ್ನನ್ನು ನೋಡಲು ಬಂದ ಹುಡುಗ ನಮ್ಮ ಮನೆಯ ಚುರುಮುರಿ ಸೂಸಲಾ ಮುಟ್ಟಲಿಲ್ಲ. ಮಿರ್ಚಿ ಭಜಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಲೋಟ ನೀರು ಕುಡಿದು, ನನ್ನನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಕುಳಿತ. ಆ ನೋಟ ಇತ್ತಲ್ಲ, ಅದು ಒಲ್ಲದವನ ನೋಟವಲ್ಲ. ಆದರೆ ನಮ್ಮ ಹುಕ್ಕೇರಿಯಲ್ಲಿ ನೋಟವನ್ನು ಯಾರು ಕೇಳುತ್ತಾರೆ? ತಾಟು ನೋಡುತ್ತಾರೆ.

“ಹುಡುಗ ಬಾಯಾಗ ಒಂದ್ ಕಾಳ ಹಾಕಲಿಲ್ಲ. ಒಲ್ಲೆ ಅಂದಂಗ ಆತು, ತಗೋ,” ಎಂದು ಅಪ್ಪ ವಿಷಯ ಮುಗಿಸಿಬಿಟ್ಟರು. ಕನ್ಯಾ ನೋಡಲು ಬಂದವರು ತಿನ್ನದೆ ಎದ್ದರೆ ನಮ್ಮ ಮಂದಿಗೆ ಅರ್ಥ ಅದೊಂದೇ. ಆಮೇಲೆ ಯಾರೂ ಫೋನ್ ಮಾಡಿ ಕೇಳುವುದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತ್ತು. ಹಾಳಾಗಿ ಹೋಗಲಿ ಎಂದುಕೊಂಡೆ. ಹೋಗಲಿಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ, ಆ ತಗ್ಗಿದ ರೆಪ್ಪೆಗಳೇ ನೆನಪಾಗುತ್ತಿದ್ದವು.

ಗೋಕಾಕದ ಒಂದು ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್. ಮಳೆಗಾಲ ಮುಗಿಯುವ ಹೊತ್ತಿಗೆ ಫೈಲು ಹಿಡಿದು ಒಳಗೆ ಬಂದವನು ಅವನೇ, ಬಸವಲಿಂಗ! ಊರು ಕುಲಗೋಡ, ಮೂಡಲಗಿಯಲ್ಲಿ ಹನಿ ನೀರಾವರಿಯ ಡ್ರಿಪ್ ಪೈಪಿನ ಅಂಗಡಿ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

“ಬರ್ರಿ, ಕುಂದರ್ರಿ,” ಎಂದೆ. “ಇಲ್ಲಿ ತಿನ್ನಾಕ ಏನೂ ಕೊಡೂದಿಲ್ಲ, ಅಂಜಬ್ಯಾಡ್ರಿ.”

ಅವನ ಕಿವಿ ಕೆಂಪಾದವು. ನಾನು ಫೈಲು ತೆರೆದೆ. ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೆ ಉರಿಯೂತವಾಗಿ ಹುಣ್ಣಾಗುವ ರೋಗ. ನಮ್ಮ ಮನೆಗೆ ಬಂದ ವಾರವೇ ಅದು ಕೆರಳಿ ರಕ್ತ ಹೋಗುತ್ತಿತ್ತು. ಆ ತಾರೀಖನ್ನು ಎರಡು ಸಲ ಓದಿದೆ.

“ಅವತ್ತ ಖಾರ ತಿಂದಿದ್ರ ನಿಮ್ಮ ಮನ್ಯಾಗ ಮಾನ ಹೋಗತಿತ್ರಿ,” ಎಂದ ಮೆಲ್ಲಗೆ. “ಹೇಳಾಕ ನಾಚಿಕಿ ಆತು. ನಿಮ್ಮ ಕಡಿಂದ ಫೋನ್ ಬರತೈತಿ ಅಂತ ಭಾಳ ದಿನ ಕಾದ್ನಿ.”

“ನಾವು ತಾಟ ನೋಡಿ ಸುಮ್ಮನಾದ್ವಿ.”

ಡಯಟ್ ಬರೆಯುವ ಹಾಳೆ ಎಳೆದುಕೊಂಡೆ.

ಕೆಲಸ ಶುರು ಮಾಡಿದೆ. ಕೆರಳಿದ್ದು ಇಳಿಯುವ ತನಕ ಮೆತ್ತನೆಯ ಅನ್ನ, ಹೆಸರುಬೇಳೆ, ಚೆನ್ನಾಗಿ ಬೇಯಿಸಿದ ಗಜ್ಜರಿ, ಅದೂ ಸ್ವಲ್ಪ ಸ್ವಲ್ಪವೇ. ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು, ಕೆಂಪು ಖಾರ ಬೇಡ.

“ನಮ್ಮವ್ವ ಗುಳಿಗಿ ಬಿಟ್ಟು ಬರೇ ಮಜ್ಜಗಿ ಕುಡಿ ಅಂತಾಳ್ರಿ.”

“ಹೊಟ್ಟಿಗಿ ಹೊಂದಿದ್ರ ಕುಡೀರಿ. ಆದ್ರ ಅದು ಔಷಧ ಅಲ್ಲ. ಡಾಕ್ಟರ್ ಪ್ರೋಬಯೋಟಿಕ್, ಅಂದ್ರ ಕರುಳಿಗಿ ಬೇಕಾದ ಒಳ್ಳೆ ಬ್ಯಾಕ್ಟೀರಿಯಾ, ಬರದಾರಲ್ಲ, ಅದೂ ಗುಳಿಗಿ ಜೋಡಿ ತಗೊಳ್ಳೂದು, ಗುಳಿಗಿ ಬದ್ಲಿ ಅಲ್ಲ. ಬಿಟ್ರಿ ಅಂದ್ರ ನನ್ನ ಕಡಿಂದ ಬೈಸ್ಕೋತೀರಿ.”

“ಹಂಗಾರ ಬೈಸ್ಕೊಳ್ಳಾಕ ಬರತೇನಿ ಬಿಡ್ರಿ,” ಎಂದು ನಕ್ಕ. ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಅವನಿಗೆ. ಫೈಲಿನಲ್ಲಿ ಇದನ್ನೆಲ್ಲ ಬರೆಯುವುದಿಲ್ಲ.

ತಿಂಗಳಿಗೊಮ್ಮೆ ಬಂದ. ಮುಖ ತುಂಬಿಕೊಂಡಿತು. ಅವನು ಬರುವ ದಿನ ನಾನು ಇಳಕಲ್ಲ ಸೀರೆ ಉಟ್ಟರೆ, ಪಕ್ಕದ ಮೇಜಿನ ಡಯಟಿಷಿಯನ್ ಶೀತಲ್ ಸುಳ್ಳೇ ಕೆಮ್ಮುತ್ತಿದ್ದಳು. ಅವನು ಎದ್ದು ಹೋದ ಮೇಲೆ ಆ ಖಾಲಿ ಕುರ್ಚಿಯನ್ನು ನೋಡಲು ಆಗುತ್ತಿರಲಿಲ್ಲ. ಒಂದು ದಿನ ಬಾಯಿಬಿಟ್ಟೆ.

“ಇನ್ನ ಮುಂದ ನಿಮ್ಮ ಡಯಟ್ ಶೀತಲ್ ಮೇಡಂ ನೋಡತಾರ.”

“ಯಾಕ್ರಿ? ನಂದೇನ್ ತಪ್ಪಾತು?”

“ಪೇಶಂಟ್ ಜೋಡಿ ಲಗ್ನದ ಮಾತಾಡಾಕ ಬರೂದಿಲ್ರಿ ನನಗ.”

ಅವನ ಕಣ್ಣು ಒಮ್ಮೆ ಅರಳಿತು. ಆಮೇಲೆ ಮುಖ ಬಾಡಿತು.

“ಬ್ಯಾಡ್ರಿ, ಶೈಲಾ. ಈ ರೋಗ ಕಡಿಮಿ ಆಕೈತಿ, ಮತ್ತ ಬರತೈತಿ. ಎಲ್ಲಿ ಹೋದ್ರೂ ಮದ್ಲ ಸಂಡಾಸ ಎಲ್ಲೈತಿ ಅಂತ ನೋಡಾಂವ ನಾ. ಒಂದಿನ ನಿಮ್ಮ ಮುಂದನ ಎದ್ದು ಓಡಬೇಕಾಕೈತಿ. ಆಮ್ಯಾಲ ನಿಮ್ಮ ಮಾರಿ ನೋಡೂ ಧೈರ್ಯ ನನಗಿಲ್ಲ.”

ಅಂದಿನಿಂದ ನನಗೆ ರಜೆ ಇರುವ ದಿನವೇ ಬಂದು, ಶೀತಲ್‌ಗೆ ತೋರಿಸಿ ಹೋಗತೊಡಗಿದ. ಅವನು ಬಂದು ಹೋದದ್ದನ್ನು ಅವಳ ಬಾಯಿಂದ ಕೇಳುವುದು, ರಾತ್ರಿ ಏನು ಉಂಡನೋ ಎಂದು ಒಳಗೊಳಗೇ ಒದ್ದಾಡುವುದು. ಇಷ್ಟೇ ಆಯಿತು ನನ್ನ ಬದುಕು. ಆದರೆ ನಾನೂ ಹಟಮಾರಿಯೇ.

ಒಂದು ಸಂಜೆ ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಅವನು ಕುಲಗೋಡದ ಬಸ್ಸು ಹತ್ತುವುದನ್ನು ಕಂಡೆ. ಬೈಕು ಗ್ಯಾರೇಜಿನಲ್ಲಿತ್ತಂತೆ. ನಾನೂ ಹತ್ತಿ ಬಾಜೂಕ್ಕೇ ಕುಳಿತೆ.

“ಇದು ಕುಲಗೋಡದ ಬಸ್ರಿ!”

“ಬೋರ್ಡ್ ಓದಾಕ ಬರತೈತಿ ನನಗ. ನಿಮ್ಮವ್ವನ್ನ ಕಾಣಾಕ ಹೊಂಟೇನಿ. ಹುಡುಗ ಬ್ಯಾಡ ಅಂದಾನ, ಅತ್ತಿ ಏನಂತಾಳ ಕೇಳೂನು.”

ತಡೆಯಲಾಗದೆ ನಕ್ಕುಬಿಟ್ಟ. ತಗ್ಗಿನಲ್ಲಿ ಬಸ್ಸು ಹೊಯ್ದಾಡಿದಾಗ ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ. ಕಬ್ಬಿನ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಅವನ ಮುಖ ಬಿಳಿಚಿತು. ಹಣೆಯಲ್ಲಿ ಬೆವರು, ಕೈ ಎದುರಿನ ಕಂಬಿಯನ್ನು ಹಿಂಡುತ್ತಿತ್ತು. ಕೇಳಬೇಕಾಗಲಿಲ್ಲ.

“ಕಂಡಕ್ಟರ್ರ, ಆ ಪೆಟ್ರೋಲ್ ಪಂಪ್ ಕಡೆ ಗಾಡಿ ನಿಂದರಸ್ರಿ!” ಎಂದು ಕೂಗಿದೆ.

ಅವನು ಹಿಂದೆ ನೋಡದೆ ಪಂಪಿನ ಸಂಡಾಸಿನತ್ತ ಓಡಿದ. ಅವನ ಚೀಲ ಹಿಡಿದು ನಾನೂ ಇಳಿದೆ. ಕಂಡಕ್ಟರ್ ಲಗೂ ಮಾಡ್ರಿ ಎಂದು ಗೊಣಗಿದ. ನೀವು ಹೋಗ್ರಿ ಎಂದೆ. ಬಸ್ಸು ಹೋಯಿತು.

ಹೊರಗೆ ಬಂದಾಗ ಅವನ ಮುಖ ತೊಯ್ದಿತ್ತು, ಕಣ್ಣು ನೆಲದಲ್ಲಿತ್ತು.

“ನೋಡಿದ್ರಿಲ್ಲೋ? ಇದ ನನ್ನ ಬಾಳೇವು. ಬಸ್ಸೂ ಹೋತು.”

“ನಾನ ಕಳಿಸೇನಿ. ಈಗ ನನ್ನ ಮಾರಿ ನೋಡ್ರಿ. ನೋಡ್ರಿ ಅಂದ್ನಿ! ಏನರ ಬದಲಾಗೇತೇನು? ನೀವಂದ್ರ ನನಗ ಜೀವ. ರೋಗ ಬಂದಾಗೂ, ಹೋದಾಗೂ.”

ಅವನು ನೋಡಿದ. ನನ್ನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ತೆಗೆದ.

“ಅವ್ವಾ, ಇಬ್ಬರು ಬರಾಕತ್ತೇವಿ... ಯಾರಂದ್ರ...” ನನ್ನತ್ತ ತಿರುಗಿದ. “ಏನಂತ ಹೇಳ್ಲಿ?”

“ಖರೆ ಏನೈತೋ ಅದನ್ನ.”

“ನಿನ್ನ ಸೊಸಿ, ಅವ್ವಾ,” ಎಂದ.

ಆ ಕಡೆಯಿಂದ ಅವನ ಅವ್ವನ ದನಿ ಪಂಪಿನವರಿಗೆಲ್ಲ ಕೇಳಿಸಿತು: “ಮದ್ಲ ಹೇಳಾಕ ಏನಾಗಿತ್ತೋ ನಿನಗ! ಮನಿ ಕಸಾ ಸೈತ ಹೊಡದಿಲ್ಲಲ್ಲೋ!”