ಚೂರುವಿನ ಭಾನುವಾರದ ತೂಕ

ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುತ್ತಾರಲ್ಲ, ಚೂರುವಿನ ಕಥೆಯೂ ಅದೇ. ಬೇಯಿಸಿದ ಕೋಳಿ ಇಟ್ಟರೆ ಮೂಸಿ ನೋಡಿ ಹಿಂದೆ ಸರಿಯುತ್ತಿತ್ತು. ಮೊಟ್ಟೆ ಇಟ್ಟರೆ ಒಂದು ದಿನ ಬರೀ ಹಳದಿ ತಿನ್ನುತ್ತಿತ್ತು, ಮರುದಿನ ಹಳದಿಯೂ ಬೇಡ. ಅಂಗಡಿಯಿಂದ ತಂದ ಒಣ ತಿನಿಸನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ ಹೊಲಿಗೆ ಮೆಷಿನ್ನಿನ ಪೆಡಲ್ ಕೆಳಗೆ ಬಚ್ಚಿಟ್ಟು ಬರುತ್ತಿತ್ತು. ಇಡೀ ನಾಯಿಮರಿ ಎರಡು ಅಂಗೈಯಲ್ಲಿ ಹಿಡಿಸುವಷ್ಟು. ದೌಲತ್ತು ಮಾತ್ರ ಮನೆ ತುಂಬ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಎಂದು ಮಹಡಿಯಲ್ಲಿದ್ದ ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತೇ ಹೇಳುತ್ತಿದ್ದಳು.

ಕೆಳಗೆ ಚೂರುವಿಗೆ ಉಣ್ಣಿಸಲು ಹೆಣಗುತ್ತಿದ್ದವಳಿಗೆ ನಗು ಬರುತ್ತಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಅನ್ನುತ್ತಿದ್ದರು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು, ಅದಕ್ಕಾಗಿ ಅವಳೇನೂ ಅಳುತ್ತಾ ಕೂತಿರಲಿಲ್ಲ. ಆದರೆ ಸಂಜೆ ಮೆಷಿನ್ ನಿಲ್ಲಿಸಿದ ಮೇಲೆ ಮನೆಯಲ್ಲಿ ಹುಟ್ಟುವ ಆ ನಿಶ್ಶಬ್ದ ಅವಳಿಗೆ ಆಗಿಬರುತ್ತಿರಲಿಲ್ಲ. ಅದಕ್ಕೇ ಗಿರಾಕಿಯೊಬ್ಬಳ ಮನೆಯಲ್ಲಿ ಪುಟ್ಟ ತಳಿಯ ನಾಯಿ ಮರಿ ಹಾಕಿದೆ ಎಂದು ಗೊತ್ತಾದಾಗ, ಹಿಂದೆ ಮುಂದೆ ನೋಡದೆ ಒಂದನ್ನು ಕೇಳಿದ್ದಳು. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳ ಬುಟ್ಟಿಯಲ್ಲಿ ಅದು ಮಲಗಿದ್ದರಿಂದ ಹೆಸರೂ ಅದೇ ಆಯಿತು.

ಗಿರಾಕಿ ಒಂದು ಷರತ್ತು ಹಾಕಿದ್ದಳು. ಇವು ತೀರಾ ನಾಜೂಕಿನ ಮರಿಗಳು, ಹೊಟ್ಟೆ ಖಾಲಿ ಬಿಟ್ಟರೆ ತಡೆಯುವುದಿಲ್ಲ. ಭಾನುವಾರಕ್ಕೊಮ್ಮೆ ನನ್ನ ತಮ್ಮ ಬಂದು ತೂಕ ನೋಡುತ್ತಾನೆ. ತೂಕ ಏರಿ ಒಂದು ಕಿಲೋ ಮುಟ್ಟಿದರೆ ಮರಿ ನಿನ್ನದು, ಏರದಿದ್ದರೆ ವಾಪಸ್ಸು.

ಆ ತಮ್ಮನನ್ನು ಬೀದಿಯವರು ತಕ್ಕಡಿಯವನು ಅನ್ನುತ್ತಿದ್ದರು. ಮಾರುಕಟ್ಟೆಯ ತೂಕದ ಯಂತ್ರಗಳನ್ನೆಲ್ಲ ರಿಪೇರಿ ಮಾಡುವುದು ಅವನ ಕೆಲಸ. ಅವನು ಸರಿಮಾಡಿದ ತಕ್ಕಡಿ ಒಂದು ಗ್ರಾಂ ಆಚೀಚೆ ಆಗುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಮೊದಲ ಭಾನುವಾರ ಹೆಗಲ ಚೀಲದಿಂದ ಸಣ್ಣ ಯಂತ್ರ ತೆಗೆದು ಮೇಜಿನ ಮೇಲಿಟ್ಟ, ಅದರ ಅಡಿಯ ತಿರುಪುಗಳನ್ನು ತಿರುಗಿಸಿ ಮಟ್ಟ ಮಾಡಿದ, ಚೂರುವನ್ನು ಬುಟ್ಟಿಯ ಸಮೇತ ಅದರ ಮೇಲೆ ಕೂರಿಸಿದ. ಅಂಕಿ ನಿಲ್ಲುವವರೆಗೆ ಉಸಿರು ಹಿಡಿದು ನಿಂತಿದ್ದ. ಅವನ ಜೊತೆ ಅವಳೂ ಉಸಿರು ಹಿಡಿದದ್ದು ಆಮೇಲೆ ಅವಳ ಗಮನಕ್ಕೆ ಬಂತು.

"ಕಮ್ಮಿ" ಎಂದ. ಆಮೇಲೆ ಅವಳ ಮುಖ ನೋಡಿ, "ಗಾಬರಿ ಬೇಡ. ಇದು ಮೊದಲಿಂದಲೂ ಹೀಗೇ. ನಾನೇ ಡ್ರಾಪರಲ್ಲಿ ಹಾಲು ಹಾಕಿ ಉಳಿಸಿದ್ದು" ಎಂದ.

ಚಪ್ಪಟೆ ಮೂಗಿನ ಮರಿಗೆ ಆಳದ ಬಟ್ಟಲು ಆಗುವುದಿಲ್ಲ ಎಂದು ಅವಳ ಗುಂಡಿ ಡಬ್ಬಿಯ ಮುಚ್ಚಳ ತೆಗೆದು, ತೊಳೆದು ಕೊಟ್ಟವನೂ ಅವನೇ. ಊಟ ಬೆಚ್ಚಗಿರಲಿ, ಸ್ವಲ್ಪ ಸ್ವಲ್ಪ ನಾಲ್ಕು ಹೊತ್ತು ಕೊಡಿ, ದಿನಕ್ಕೊಂದು ರುಚಿ ಬೇಡ ಎಂದೆಲ್ಲ ಹೇಳಿದ. ಅವಳು ಎಲ್ಲವನ್ನೂ ಮಾಡಿದಳು. ಚೂರು ಮುಚ್ಚಳವನ್ನು ನೋಡಿತು, ಅವಳನ್ನು ನೋಡಿತು, ಗೋಡೆಯ ಕಡೆ ಮುಖ ಮಾಡಿ ಮಲಗಿತು.

ಎರಡನೆಯ ಭಾನುವಾರ ಅವನು ಬಂದಾಗ ಅವಳ ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ. ಬಾಯಿ ಮಾತಿಗೆ ಬನ್ನಿ ಅಂದಳು. ಅವನು ಬಂದೇಬಿಟ್ಟ. ಅವಳು ಎಂದಿನಂತೆ ಅಡುಗೆ ಕಟ್ಟೆಗೆ ಒರಗಿ ನಿಂತೇ ತಿನ್ನುವವಳಿದ್ದಳು, ಅತಿಥಿ ಇದ್ದಾನೆಂದು ನೆಲದ ಮೇಲೆ ಚಾಪೆ ಹಾಸಿದಳು. ಇಬ್ಬರೂ ಕೂತು ಎರಡು ತುತ್ತು ತಿನ್ನುವಷ್ಟರಲ್ಲಿ ಚೂರು ಎದ್ದು ಬಂತು. ಇಬ್ಬರ ನಡುವೆ ಜಾಗ ಮಾಡಿಕೊಂಡು, ಮುಚ್ಚಳಕ್ಕೆ ಬಾಯಿ ಹಾಕಿ, ತಳ ಕಾಣುವವರೆಗೂ ನೆಕ್ಕಿತು.

"ನೋಡಿದ್ರಾ? ಇದು ಒಡಹುಟ್ಟಿದವರ ಜೊತೆ ಒಂದೇ ತಟ್ಟೇಲಿ ತಿಂದು ಬೆಳೆದದ್ದು. ಒಂಟಿಯಾಗಿ ತಿನ್ನೋಕೆ ಮನಸ್ಸಿಲ್ಲ ಅಷ್ಟೇ" ಎಂದ ಅವನು.

"ಯಾರಿಗೆ ತಾನೇ ಇರುತ್ತೆ" ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ತಟ್ಟೆಯಿಂದ ತಲೆಯೆತ್ತಿ ಒಂದು ಸಲ ಅವಳನ್ನು ನೋಡಿದ. ಕಣ್ಣು ಕೂಡಿತು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಕೂಡಿತ್ತು. ಆಮೇಲೆ ಇಬ್ಬರೂ ಒಟ್ಟಿಗೇ ನಾಯಿಯನ್ನು ನೋಡತೊಡಗಿದರು.

ಅಂದಿನಿಂದ ಅವಳು ನಿಂತು ತಿನ್ನುವುದನ್ನು ಬಿಟ್ಟಳು. ನಾಲ್ಕು ಹೊತ್ತೂ ಚೂರುವಿನ ಪಕ್ಕ ಕೂತು, ಹಸಿವಿಲ್ಲದಿದ್ದರೂ ಒಂದು ತುಂಡು ಬ್ರೆಡ್ ಅಗಿಯುತ್ತಿದ್ದಳು. ಚೂರು ತಿನ್ನುತ್ತಿತ್ತು. ಭಾನುವಾರ ಬಂದರೆ ಇನ್ನೂ ಚೆನ್ನಾಗಿ ತಿನ್ನುತ್ತಿತ್ತು. ಭಾನುವಾರ ಬೆಳಿಗ್ಗೆ ಅವಳು ಇಸ್ತ್ರಿ ಪೆಟ್ಟಿಗೆ ಬಿಸಿಮಾಡುವುದನ್ನು ಕಂಡ ಚಿಕ್ಕಮ್ಮ, ತೂಕ ಹಾಕಿಸಿಕೊಳ್ಳುವುದು ನಾಯಿಯೋ ನೀನೋ ಎಂದು ಕೇಳಿದಳು. ಅವಳು ಕೇಳಿಸದವಳಂತೆ ತನ್ನ ರವಿಕೆಯ ತೋಳಿನ ಮಡಿಕೆ ತೀಡಿದಳು.

ವಿಚಿತ್ರವೆಂದರೆ ತೂಕ ಮಾತ್ರ ಏರಲಿಲ್ಲ. ಅಂಕಿ ಕಾಣುವ ಮುಖ ಅವನ ಕಡೆ ಇರುತ್ತಿತ್ತು. ಪ್ರತಿ ಸಲವೂ ನೋಡಿ ತಲೆಯಾಡಿಸಿ, "ಇನ್ನೂ ಒಂದು ಕಿಲೋ ಮುಟ್ಟಿಲ್ಲ. ಮುಂದಿನ ವಾರ ನೋಡೋಣ" ಎನ್ನುತ್ತಿದ್ದ. ಎತ್ತಿದಾಗ ಅವಳ ಕೈಗೆ ಭಾರವೆನಿಸಿದ್ದುಂಟು. ಆದರೆ ತೂಕದ ವಿಷಯದಲ್ಲಿ ಅವನ ಮಾತಿಗೆ ಎದುರು ಹೇಳುವವರು ಆ ಬೀದಿಯಲ್ಲಿ ಯಾರಿದ್ದರು? ನಿಮ್ಮಕ್ಕ ವಾಪಸ್ ಕೇಳುತ್ತಾರಾ ಎಂದು ಒಮ್ಮೆ ಕೇಳಿದಳು. ಅವನು ಯಂತ್ರವನ್ನು ಚೀಲಕ್ಕೆ ತುರುಕುತ್ತಾ, ನೋಡೋಣ ಎಂದಷ್ಟೇ ಹೇಳಿ ಹೋದ. ಆ ವಾರ ಅವಳು ಒಬ್ಬರ ಷರ್ಟಿಗೆ ಇನ್ನೊಬ್ಬರ ಕಾಲರ್ ಹೊಲಿದಳು.

ಗುಟ್ಟು ರಟ್ಟಾದದ್ದು ಕೋಟಿನಿಂದ. ಚಳಿಗೆ ನಡುಗುತ್ತದೆಂದು ಬಂದ ಹೊಸದರಲ್ಲೇ ಚೂರುವಿಗೆ ಉಣ್ಣೆಯ ಕೋಟೊಂದನ್ನು ಹೊಲಿದಿದ್ದಳು, ಬೆಳೆಯುವ ಮರಿಯೆಂದು ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು. ಅದು ಬಿಗಿಯಾದಾಗ ಒಗೆದದ್ದಕ್ಕೆ ಕುಗ್ಗಿದೆಯೆಂದು ಹೊಲಿಗೆ ಬಿಚ್ಚಿ ಸಡಿಲಿಸಿದಳು. ಈಗ ಮತ್ತೆ ಬಿಗಿ. ಬಿಟ್ಟ ಬಟ್ಟೆಯೂ ಮುಗಿದಿತ್ತು. ಕತ್ತಿನಲ್ಲಿದ್ದ ಟೇಪು ತೆಗೆದು ಚೂರುವಿನ ಎದೆಯ ಸುತ್ತ ಹಿಡಿದಳು. ಹಿಡಿದವಳು ಹಾಗೇ ಕೂತಳು. ಮೂರು ಬೆರಳಿನಷ್ಟು ಹೆಚ್ಚಿತ್ತು. ಎದೆ ಇಷ್ಟು ಅಗಲವಾದ ಮರಿಯ ತೂಕ ಏರದೆ ಇರುವುದು ಹೇಗೆ?

ಚೂರುವನ್ನು ಕಂಕುಳಲ್ಲಿ ಇರುಕಿಕೊಂಡು ತರಕಾರಿ ಅಂಗಡಿಗೆ ಹೋದಳು. ಅಂಗಡಿಯವನು ನಗುತ್ತಾ ತಟ್ಟೆಯ ಮೇಲೆ ಕಾಗದ ಹಾಸಿ ಮರಿಯನ್ನು ಕೂರಿಸಿದ. ಒಂದೂವರೆ ಕಿಲೋ. ತಕ್ಕಡಿ ಸರಿ ಇದೆಯಾ ಎಂದು ಕೇಳಿದ್ದಕ್ಕೆ ಅವನಿಗೆ ಸಿಟ್ಟೇ ಬಂತು. ನಿಮ್ಮ ಮನೆಗೆ ಬರುತ್ತಾರಲ್ಲ, ಅವರೇ ಮೊನ್ನೆ ಸರಿಮಾಡಿಕೊಟ್ಟದ್ದು ಎಂದ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳಿಗೆ ಎಲ್ಲ ಹೊಳೆಯಿತು, ಅಥವಾ ಹೊಳೆದಂತಾಯಿತು. ಡ್ರಾಪರಲ್ಲಿ ಹಾಲು ಹಾಕಿ ಉಳಿಸಿದ ಮರಿ, ಅದರ ಮೇಲೆ ಅವನಿಗೆ ಜೀವ. ತೂಕ ಏರಿಲ್ಲ ಏರಿಲ್ಲ ಎನ್ನುತ್ತಾ ಒಂದು ದಿನ ಚೀಲಕ್ಕೆ ಹಾಕಿಕೊಂಡು ಹೋಗುವ ಉಪಾಯ. ಆ ಚಾಪೆ, ಆ ಊಟ, ಆ ನೋಟ ಎಲ್ಲ ಅದಕ್ಕೇ. ಹಾಗೆಂದುಕೊಂಡಾಗ ಹೆಚ್ಚು ನೋವಾದದ್ದು ಯಾವುದಕ್ಕೆ, ಮರಿಗೋ ಚಾಪೆಗೋ, ಅವಳಿಗೇ ತಿಳಿಯಲಿಲ್ಲ.

ಭಾನುವಾರ ಅವನು ಬಂದಾಗ ಇಸ್ತ್ರಿಯಿಲ್ಲದ ಬಟ್ಟೆಯಲ್ಲೇ ಬಾಗಿಲು ತೆಗೆದಳು. ಅವನು ಮೇಜಿನ ಮೇಲೆ ಯಂತ್ರವಿಟ್ಟ, ಮಟ್ಟ ಮಾಡಿದ, ಚೂರುವನ್ನು ಕೂರಿಸಿದ. ಅವಳು ಮೇಜು ಸುತ್ತಿ ಬಂದು ಅವನ ಪಕ್ಕದಲ್ಲೇ ನಿಂತಳು. ಬುಟ್ಟಿಯ ಭಾರ ಕಳೆದರೆ ಒಂದೂವರೆಗೂ ಮೇಲೆ.

"ಓದಿ ಹೇಳಿ" ಎಂದಳು.

ಅವನ ಕಿವಿ ಕೆಂಪಾಯಿತು.

"ಊರಿಗೆಲ್ಲ ತೂಕ ಸರಿಮಾಡಿಕೊಡೋರು, ನನಗೆ ಮಾತ್ರ ತಕ್ಕಡಿ ತಿರುಚಿದ್ರಾ?"

"ತಕ್ಕಡಿ ಮುಟ್ಟಿಲ್ಲ ನಾನು" ಎಂದ ತಟ್ಟನೆ. "ಅದು ಯಾವತ್ತೂ ಸುಳ್ಳು ಹೇಳಿಲ್ಲ. ಹೇಳಿದ್ದು ನಾನು."

"ಚೂರುನ ಕರ್ಕೊಂಡು ಹೋಗೋಕೆ ಅಷ್ಟು ಆಸೆ ಇದ್ರೆ ಬಾಯ್ಬಿಟ್ಟು ಕೇಳ್ಬಹುದಿತ್ತು."

ಅವನು ನಿಜವಾಗಿ ಬೆಚ್ಚಿಬಿದ್ದ. ಮರಿಯನ್ನು ಒಯ್ಯುವ ಯೋಚನೆ ಅವನ ತಲೆಗೇ ಬಂದಿರಲಿಲ್ಲ. ತೂಕ ಏರಿದ್ದನ್ನು ಅಕ್ಕನಿಗೆ ಆಗಲೇ ಹೇಳಿಯಾಗಿತ್ತು. ಹಾಗಾದರೆ ಇನ್ನು ಹೋಗುವುದು ಬೇಡ, ಮರಿ ಅವಳದೇ ಎಂದು ಅಕ್ಕ ಹೇಳಿಯೂ ಆಗಿತ್ತು. ಅದನ್ನು ಹೇಳಲೆಂದೇ ಒಂದು ಭಾನುವಾರ ಬಂದಿದ್ದನಂತೆ. ಅವಳು ಚಾಪೆ ಹಾಸುತ್ತಿದ್ದಳಂತೆ. ಎರಡು ತಟ್ಟೆ ತೊಳೆದಿಟ್ಟಿದ್ದಳಂತೆ.

"ಏರಿದೆ ಅಂದ್ರೆ ನಾನು ಮತ್ತೆ ಬರೋ ಹಾಗಿರಲಿಲ್ಲ" ಎಂದ. "ಅದಕ್ಕೇ ಹೇಳಲಿಲ್ಲ. ನೀವಂದ್ರೆ ನನಗೆ ಇಷ್ಟ. ಮೊದಲೇ ಹೇಳ್ಬೇಕಿತ್ತು, ಹೆದರಿದೆ."

ಅವಳಿಗೆ ಸಂತೋಷವಾಯಿತು. ಸಿಟ್ಟೂ ಹಾಗೇ ಇತ್ತು. "ಇದು ಕೈಬಿಟ್ಟು ಹೋಗುತ್ತೆ ಅಂತ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೀನಿ ಗೊತ್ತಾ?" ಎಂದಳು. ಅವನು ತಲೆ ತಗ್ಗಿಸಿದ. ಅದು ನನ್ನ ಬುದ್ಧಿಗೆ ಬರಲಿಲ್ಲ, ತಪ್ಪಾಯ್ತು ಎಂದ. ಸಬೂಬು ಹೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

"ಮುಂದಿನ ವಾರದಿಂದ ಈ ತಕ್ಕಡಿ ತರ್ಬೇಡಿ" ಎಂದಳು.

ಅವನು ಯಂತ್ರವನ್ನು ಚೀಲಕ್ಕೆ ಹಾಕಿದ. ಚೂರುವಿನ ತಲೆ ಸವರಿ ಬಾಗಿಲ ಕಡೆ ಹೊರಟ.

"ಎಲ್ಲಿಗೆ? ಇದರ ಊಟ ಆಗಿಲ್ಲ. ನೀವು ಕೂತ್ಕೊಳ್ಳದೆ ಇದು ಬಾಯಿ ಹಾಕಲ್ಲ."

ವಾರವಿಡೀ ಅವನಿಲ್ಲದೆಯೇ ಚೂರು ನಾಲ್ಕು ಹೊತ್ತು ತಿನ್ನುತ್ತಿದ್ದದ್ದು ಇಬ್ಬರಿಗೂ ಗೊತ್ತಿತ್ತು. ಅವನು ನಿಂತು ಅವಳ ಮುಖ ನೋಡಿದ. ಅವಳು ನಗು ತಡೆಯಲು ತುಟಿ ಕಚ್ಚಿದ್ದು ಕಂಡಿತು. ಚೀಲ ಕೆಳಗಿಟ್ಟು ಚಾಪೆ ಹಾಸಿದ್ದು ಈ ಸಲ ಅವನೇ. ಅವಳು ಎರಡು ತಟ್ಟೆ ತಂದಳು, ಮುಚ್ಚಳ ತಂದಳು. ಚೂರು ಎಂದಿನ ಜಾಗಕ್ಕೆ ಬಂದು ಕೂತಿತು.

ಮೆಟ್ಟಿಲ ಮೇಲಿಂದ ಚಿಕ್ಕಮ್ಮನ ದನಿ ಬಂತು. "ಚೂರು ತಿಂತೇನೇ?"

"ತಿಂತಿದೆ ಚಿಕ್ಕಮ್ಮ."

"ಮತ್ತೆ ತಕ್ಕಡಿಯವರು?"

ಅವಳು ಅವನ ಕಡೆ ತಿರುಗಿದಳು. ಅವನ ಕೈಯ ತುತ್ತು ಅರ್ಧದಲ್ಲೇ ನಿಂತಿತ್ತು. ಮೇಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ, ಅವನನ್ನೇ ನೋಡುತ್ತಾ ಹೇಳಿದಳು.

"ಅವರೂ ತಿಂತಿದ್ದಾರೆ. ಇನ್ಮೇಲೆ ದಿನಾ ಇಲ್ಲೇ ತಿಂತಾರೆ."